ಇಬ್ಬರು ಮಕ್ಕಳ ಡೇ ಕೇರ್ ಲೆಕ್ಕ ಮಳೆ ರಜೆಯಿಂದ ಶುರು ಮಾಡಿ

ಕಳೆದ ಜುಲೈಯ ಒಂದು ಬೆಳಿಗ್ಗೆ. ಆರೂವರೆಗೆ ವಾಟ್ಸಾಪ್ ನೋಡಿದರೆ ಜಿಲ್ಲಾಧಿಕಾರಿಗಳ ಆದೇಶ, ರೆಡ್ ಅಲರ್ಟ್, ಶಾಲೆ ಅಂಗನವಾಡಿಗೆಲ್ಲ ರಜೆ. ಏಳು ಗಂಟೆಗೆ ಡೇ ಕೇರ್‌ನಿಂದಲೂ ಮೆಸೇಜ್, ‘ನಮ್ಮಲ್ಲೂ ಇವತ್ತು ರಜೆ.’ ಗಂಡ ಆಗಲೇ ಉಡುಪಿಯಿಂದ ಮಂಗಳೂರಿನ ಬಸ್ ಹತ್ತಿಯಾಗಿತ್ತು. ನನಗೆ ಒಂಬತ್ತಕ್ಕೆ ಮಣಿಪಾಲದಲ್ಲಿ ಆಫೀಸು. ನಾಲ್ಕು ವರ್ಷದ ಮಗಳು ರಜೆ ಅಂತ ಕುಣಿಯುತ್ತಿದ್ದಳು. ಒಂದೂವರೆ ವರ್ಷದ ಮಗ ರಾಗಿ ಮಣ್ಣಿಯ ಬಟ್ಟಲಲ್ಲಿ ಎರಡೂ ಕೈ ಅದ್ದಿ ಕೂತಿದ್ದ.

ಆವತ್ತಿನಿಂದ ಯಾವ ಡೇ ಕೇರ್‌ಗೆ ಹೋದರೂ ನಾನು ಮೊದಲು ಫೀಸು ಕೇಳುವುದಿಲ್ಲ. ಮಳೆ ರಜೆ ದಿನ ಬಾಗಿಲು ತೆಗೀತೀರಾ ಅಂತ ಕೇಳುತ್ತೇನೆ.

ನೀವು ಮೊದಲು ಹಳೆಯ ಕ್ಯಾಲೆಂಡರ್ ಇಳಿಸಿ. ಒಂದು ವರ್ಷದಲ್ಲಿ ಎಷ್ಟು ದಿನ ಮಕ್ಕಳಿಗಾಗಿ ಕೆಲಸ ತಪ್ಪಿತು ಅಂತ ಗುರುತು ಹಾಕಿ. ನಮ್ಮದು 31 ದಿನ. ಮಳೆ, ದಸರಾ ರಜೆ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಹಬ್ಬ, ಉಳಿದದ್ದೆಲ್ಲ ಜ್ವರ. ಇಬ್ಬರಿದ್ದರೆ ಜ್ವರವೂ ಪಾಳಿಯಲ್ಲಿ ಬರುತ್ತದೆ, ಅಕ್ಕನಿಗೆ ಬಿಟ್ಟ ಮೇಲೆ ತಮ್ಮನಿಗೆ.

ಆಮೇಲೆ ದುಡ್ಡಿನ ಲೆಕ್ಕ. ಒಂದೇ ಮಗು ಇದ್ದಾಗ ನಮಗೆ, ಮನೆಗೇ ಬಂದು ನೋಡಿಕೊಳ್ಳುವವರನ್ನು ಇಡುವುದಕ್ಕಿಂತ ಡೇ ಕೇರ್ ಅಗ್ಗವಾಗಿತ್ತು, ಎರಡು ಮಾತಿಲ್ಲ. ಎರಡನೆಯದು ಬಂದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಆಯಿತು. ಡೇ ಕೇರ್‌ನಲ್ಲಿ ತಲೆಗಿಷ್ಟು ಅಂತ ಫೀಸು. ಮಗನಿಗೆ ಇಡೀ ದಿನಕ್ಕೆ 7,000, ಮಗಳಿಗೆ ಶಾಲೆ ಬಿಟ್ಟ ಮೇಲೆ 4,500, ಅವಳ ರಿಕ್ಷಾಕ್ಕೆ 1,500, ಸಂಜೆ ತಡವಾದರೆ ಕೊಡುವ ದಂಡ ತಿಂಗಳಿಗೆ ಸುಮಾರು 800. ಒಟ್ಟು 13,800. ಮನೆಗೆ ಬಂದು ನೋಡಿಕೊಳ್ಳುವ ಅಕ್ಕ ಕೇಳಿದ್ದು 13,000. ಬಸ್ಸಿಗೆ 600, ದೀಪಾವಳಿಗೆ ಕೊಡುವ ಒಂದು ತಿಂಗಳ ಸಂಬಳವನ್ನು ಹನ್ನೆರಡಕ್ಕೆ ಹಂಚಿದರೆ 1,100, ಮಗಳ ಶಾಲಾ ವ್ಯಾನಿಗೆ 1,200. ಒಟ್ಟು 15,900.

ನೋಡಲು ಡೇ ಕೇರೇ ಲಾಭ ಅಲ್ವಾ? ಆದರೆ ಅಲ್ಲಿ ಇಬ್ಬರಿಗೂ ಸೇರಿ ವರ್ಷಕ್ಕೆ 8,000 ಅಡ್ಮಿಷನ್ ಇತ್ತು. ಮೇಲಾಗಿ ನನ್ನ ರಜೆ ಮುಗಿದು ಹತ್ತು ದಿನದ ಸಂಬಳ ಕಟ್ ಆಗಿತ್ತು, ಅದು 12,000. ಇವೆರಡನ್ನೂ ತಿಂಗಳಿಗೆ ಹಂಚಿ ಸೇರಿಸಿದರೆ ಉಳಿಯುವ ವ್ಯತ್ಯಾಸ ಐನೂರು ರೂಪಾಯಿಯೂ ಇಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಈ ಎರಡು ಸಾಲನ್ನು ಬಿಡಬೇಡಿ.

ಇನ್ನೊಂದು. ಈ ಖರ್ಚನ್ನು ಎಲ್ಲರೂ ಅಮ್ಮನ ಸಂಬಳದಿಂದಲೇ ಕಳೆಯುತ್ತಾರೆ. ‘ಇಷ್ಟು ಕೊಟ್ಟು ನೀನು ದುಡಿದು ಏನು ಬಂತು’ ಅನ್ನುತ್ತಾರೆ. ಮಕ್ಕಳು ಇಬ್ಬರದ್ದೂ ತಾನೇ? ಎರಡೂ ಸಂಬಳ ಕೂಡಿಸಿ, ಅದರಿಂದ ಕಳೆಯಿರಿ. ಅಮ್ಮ ಕೆಲಸ ಬಿಟ್ಟರೆ ನಿಂತು ಹೋಗುವ ಪಿಎಫ್ ಕೂಡ ಬರೆದುಕೊಳ್ಳಿ.

ಅಜ್ಜಿ ಇದ್ದರೆ ಖರ್ಚೇ ಇಲ್ಲ ಅನ್ನುವವರಿಗೆ ನಮ್ಮ ಅತ್ತೆಯ ಮಂಡಿ ತೋರಿಸಬೇಕು. ಹೆಬ್ರಿ ಕಡೆ ತೋಟ, ಎರಡು ದನ ಬಿಟ್ಟು ಇಲ್ಲಿ ಬಂದು ಕೂರಲು ಅವರಿಗೆ ಮನಸ್ಸಿಲ್ಲ. ನಾವು ಕರೆಯುವುದು ಕಷ್ಟಕ್ಕೆ ಮಾತ್ರ. ಅಂಗನವಾಡಿಗೆ ದುಡ್ಡಿಲ್ಲ, ಊಟವೂ ಇದೆ, ಮೂರು ದಾಟಿದ ಮಗುವಿಗೆ ಒಳ್ಳೆಯದೇ. ಆದರೆ ಆಫೀಸು ಬಿಡುವ ಮೊದಲೇ ಬಾಗಿಲು ಹಾಕುತ್ತದೆ. ಆಫೀಸಿನಲ್ಲೂ ಕೇಳಿ ನೋಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಶುರುವಾದ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು.

ಡೇ ಕೇರ್ ನೋಡಲು ಹೋಗುವುದಾದರೆ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಹತ್ತು ಗಂಟೆಗೆ ಎಲ್ಲ ಕಡೆಯೂ ಚಂದವೇ. ಊಟದ ಹೊತ್ತಿಗೆ ಗೊತ್ತಾಗುತ್ತದೆ, ಒಬ್ಬರು ಎಷ್ಟು ಮಕ್ಕಳಿಗೆ ತಿನ್ನಿಸುತ್ತಿದ್ದಾರೆ, ಅಳುವ ಮಗು ಯಾರ ಸೊಂಟದಲ್ಲಿದೆ ಅಂತ. ಹಿತ್ತಿಲಿಗೂ ಹೋಗಿ. ನಮ್ಮೂರಲ್ಲಿ ಹೆಚ್ಚಿನ ಡೇ ಕೇರ್ ಹಳೆಯ ಮನೆಗಳಲ್ಲೇ ಇರುವುದು, ಹಳೆಯ ಮನೆ ಅಂದರೆ ಬಾವಿ. ನಾನು ನೋಡಿದ ಒಂದು ಕಡೆ ಬಾವಿಗೆ ಕಬ್ಬಿಣದ ಜಾಲರಿ ಏನೋ ಇತ್ತು, ಕೊಡಪಾನ ಇಳಿಸಲು ಅದರ ಅರ್ಧ ಭಾಗ ಸರಿಸಿಟ್ಟಿದ್ದರು. ಫೀಸು ಕೇಳದೆ ವಾಪಸ್ ಬಂದೆ. ಮಳೆಗಾಲದಲ್ಲಿ ಒದ್ದೆ ಚಡ್ಡಿ ಎಲ್ಲಿ ಒಣಗಿಸುತ್ತಾರೆ ಅಂತಲೂ ನೋಡಿ. ಮಕ್ಕಳು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿದ್ದರೆ ಆ ವಾಸನೆ ಬಾಗಿಲಲ್ಲೇ ಸಿಗುತ್ತದೆ.

ನಾವು ಕೊನೆಗೆ ಮನೆಗೆ ಬರುವ ಅಕ್ಕನನ್ನೇ ಒಪ್ಪಿದೆವು. ಅವರು ಇರುವುದು ಪರ್ಕಳದಲ್ಲೇ, ನಮ್ಮ ಮನೆಯಿಂದ ಎರಡು ಸ್ಟಾಪ್. ಇದರಲ್ಲೂ ತೊಂದರೆ ಇಲ್ಲದಿಲ್ಲ. ಡೇ ಕೇರ್‌ನಲ್ಲಿ ಒಬ್ಬರು ಬಾರದಿದ್ದರೆ ಇನ್ನೊಬ್ಬರಿರುತ್ತಾರೆ, ಇಲ್ಲಿ ಅಕ್ಕ ಮಲಗಿದರೆ ಇಬ್ಬರೂ ಮಕ್ಕಳು ನನ್ನ ತಲೆಗೆ. ಮೊದಲ ಹದಿನೈದು ದಿನ ನಾನು ರಜೆ ಹಾಕಿ ಜೊತೆಗಿದ್ದೆ. ತಿಂಗಳಿಗೆ ಸಂಬಳ ಸಹಿತ ಎರಡು ದಿನ ರಜೆ ಅಂತ ಬಾಯಿಬಿಟ್ಟು ಮಾತಾಡಿಕೊಂಡೆವು. ಮದುವೆ, ನೇಮದ (ಭೂತದ ಕೋಲದ) ದಿನಗಳನ್ನು ಅವರೇ ಕ್ಯಾಲೆಂಡರ್‌ನಲ್ಲಿ ಬರೆಯುತ್ತಾರೆ. ಫೆಬ್ರವರಿಯಲ್ಲಿ ಅವರ ಕುಟುಂಬದ ನೇಮ, ಎರಡು ದಿನ. ಅದಕ್ಕೆ ಗಂಡ ಈಗಲೇ ರಜೆ ಬರೆದುಕೊಟ್ಟಿದ್ದಾರೆ.