ಐಡಿಯಾ ಇದೆ, ಕಥೆ ಎಲ್ಲಿ?

ತಲೆಯಲ್ಲಿ ಭಾರಿ ಐಡಿಯಾ ಇದೆ, ಬರೆಯಲು ಕೂತರೆ ಎರಡೇ ಪುಟಕ್ಕೆ ನಿಂತುಹೋಗುತ್ತದೆ ಅನ್ನುವವರು ಜಾಸ್ತಿ. ಅವರ ಹತ್ತಿರ ಇರುವುದು ಹೆಚ್ಚಾಗಿ ಬರೀ ವಿಷಯ, ಕಥೆ ಇನ್ನೂ ಹುಟ್ಟಿರುವುದಿಲ್ಲ.

‘ಶರಾವತಿ ಮುಳುಗಡೆ ಬಗ್ಗೆ ಬರೀಬೇಕು’ ಅಂದುಕೊಳ್ಳಿ. 1964ರಲ್ಲಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ಕಡೆಯ ಎಷ್ಟೋ ಊರು, ಗದ್ದೆ, ತೋಟ ಹಿನ್ನೀರಿನ ಅಡಿ ಹೋದವು. ಮಡೆನೂರಿನಲ್ಲಿ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಅದೇ ನೀರಲ್ಲಿ ಮುಳುಗಿತು. ಇಷ್ಟಿದ್ದರೆ ಲೇಖನ ಆಗುತ್ತದೆ. ಕಥೆಗೆ ಒಬ್ಬ ಮನುಷ್ಯ ಬೇಕು, ಅವನಿಗೆ ಏನೋ ಬೇಕಾಗಿರಬೇಕು, ಅದಕ್ಕೆ ಯಾರೋ ಅಡ್ಡ ನಿಂತಿರಬೇಕು, ಆ ಅಡ್ಡ ನಿಂತವರು ಮನೆಯವರೇ ಆದರೆ ಇನ್ನೂ ಒಳ್ಳೇದು, ಯಾಕಂದ್ರೆ ಅಧಿಕಾರಿ ಜೊತೆ ಜಗಳ ಆಡಿದರೆ ಎದ್ದು ಬರಬಹುದು, ಅಪ್ಪನ ಜೊತೆ ಜಗಳ ಆಡಿದರೆ ರಾತ್ರಿ ಪಕ್ಕದಲ್ಲೇ ಊಟಕ್ಕೆ ಕೂರಬೇಕು.

ಹೀಗೆ ಮಾಡೋಣ. ಊರು ಬಿಡಲು ನೋಟಿಸು ಬಂದಿದೆ. ಆದರೂ ಅಪ್ಪ ತೋಟದಲ್ಲಿ ಅಡಿಕೆ ಸಸಿ ನೆಡಲು ಗುಂಡಿ ತೆಗೆಯುತ್ತಿದ್ದಾನೆ. ಅಡಿಕೆ ಫಲಕ್ಕೆ ಬರಲು ಐದಾರು ವರ್ಷವಾದರೂ ಬೇಕು, ನೀರು ಅಷ್ಟು ದಿನ ಕಾಯುವುದಿಲ್ಲ. ಮಗನಿಗೆ ಬೇಗ ಪರಿಹಾರದ ದುಡ್ಡು ತಗೊಂಡು ಹೊರಡಬೇಕು. ಈಗ ನೋಡಿ, ‘ಯಾಕೆ ನೆಡ್ತಿದ್ದಾನೆ?’ ಅಂತ ನಿಮಗೇ ಕೇಳಬೇಕು ಅನಿಸುತ್ತದೆ ಅಲ್ವಾ?

ಕಥೆಯನ್ನು ಯಾರ ಕಣ್ಣಿಂದ ಹೇಳುತ್ತೀರಿ ಅನ್ನೋದು ಮುಂದಿನ ತೀರ್ಮಾನ. ಅಪ್ಪನ ಮನಸ್ಸಿನೊಳಗೆ ಹೊಕ್ಕರೆ ಕಾರಣವನ್ನು ಮೊದಲೇ ಬಿಚ್ಚಿಡಬೇಕಾಗುತ್ತದೆ. ಮಗನ ಕಣ್ಣಿಂದ ಹೇಳಿದರೆ ಅವನಿಗೆ ತಿಳಿದಷ್ಟೇ ಓದುಗರಿಗೂ ತಿಳಿಯುತ್ತದೆ. ನಾನಾದರೆ ಮಗನನ್ನೇ ಆರಿಸುತ್ತೇನೆ.

ಶುರು ಎಲ್ಲಿಂದ? ಅಣೆಕಟ್ಟಿನ ಇತಿಹಾಸದಿಂದ ಖಂಡಿತ ಬೇಡ. ಬೆಳಿಗ್ಗೆ ಮಗ ತೋಟಕ್ಕೆ ಇಳಿದಾಗ ಹೊಸ ಗುಂಡಿಗಳು ಕಾಣುತ್ತವೆ, ಅಲ್ಲಿಂದ.

ಹೊಸಬರು ಎಡವುವುದು ಮಾತಿನಲ್ಲಿ. ‘ಅಪ್ಪಯ್ಯ, ನಮ್ಮ ಊರು ಮುಳುಗುತ್ತದೆ, ಸರ್ಕಾರ ನೋಟಿಸು ಕೊಟ್ಟಿದೆ’ ಅಂತ ಮಗ ಹೇಳಿದರೆ ಅದು ಓದುಗರಿಗೆ ಕೊಟ್ಟ ವರದಿ. ಇಬ್ಬರಿಗೂ ಗೊತ್ತಿರುವುದನ್ನು ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ:

‘ಇನ್ನೆಷ್ಟು ಗುಂಡಿ ಅಪ್ಪಯ್ಯ?’

‘ಇನ್ನೊಂದು ಸಾಲು. ಆ ಹಾರೆ ಕೊಡು.’

‘ನಾಳೆ ಸಾಗರಕ್ಕೆ ಹೋಗ್ಬೇಕು, ಕಾಗದಕ್ಕೆ ನಿಮ್ಮ ಸಹಿ ಬೇಕು.’

‘ಹಾರೆ ಕೊಡು ಅಂದೆ.’

ಇಲ್ಲಿ ಮುಳುಗಡೆ ಅನ್ನುವ ಪದವೇ ಇಲ್ಲ. ‘ಅವನಿಗೆ ತುಂಬಾ ದುಃಖವಾಯಿತು’ ಅಂತ ಕೆಳಗೆ ಸೇರಿಸುವ ಆಸೆ ಬರುತ್ತದೆ, ಸುಮ್ನೆ ಬಿಡಿ.

ಕಾಲದ ವಿವರ ಹುಡುಕಿ, ಆದರೆ ಹುಡುಕಿದ್ದನ್ನೆಲ್ಲ ತುರುಕಬೇಡಿ. 1957ರಲ್ಲೇ ಆಣೆ ಲೆಕ್ಕದ ಬದಲು ನಯಾ ಪೈಸೆ ಬಂದಿದ್ದರೂ ಜನ ನಾಲ್ಕಾಣೆ, ಎಂಟಾಣೆ ಅನ್ನುವುದನ್ನು ಬಿಟ್ಟಿರಲಿಲ್ಲ. ಅಂಗಡಿಯ ದೃಶ್ಯದಲ್ಲಿ ಅಂಥ ಒಂದು ಮಾತು ಬಂದರೆ ಸಾಕು, ಇಸವಿ ಹೇಳುವುದೇ ಬೇಡ.

ಮೊದಲ ಕರಡನ್ನು ತಿದ್ದದೆ ಕೊನೆವರೆಗೂ ಬರೆದು ಮುಗಿಸಿ, ಸ್ವಲ್ಪ ದಿನ ಪಕ್ಕಕ್ಕಿಡಿ. ಆಮೇಲೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ವಾಕ್ಯಗಳಿಗೆ ಗುರುತು ಹಾಕಿ. ಮೊದಲ ಪ್ಯಾರಾ ತೆಗೆದರೂ ಕಥೆ ನಡೆಯುತ್ತದಾ ನೋಡಿ, ಬಹಳ ಸಲ ನಡೆಯುತ್ತದೆ. ಕೊನೆಗೆ ಯಾರಿಗಾದರೂ ಓದಲು ಕೊಡಿ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅಂದುಬಿಡುತ್ತಾರೆ, ಅದಕ್ಕೇ ಎಲ್ಲಿ ಬೋರಾಯ್ತು ಅಂತಲೇ ಕೇಳಿ.