ಕೈ ಇಡದ ಹೊಟ್ಟೆ

ನಾನೀಗ ರಕ್ತನಾಳದ ಸರ್ಜನ್. ಆದರೆ ಹೊಟ್ಟೆಯೊಳಗಿನ ಮಹಾಪಧಮನಿ, ಅಂದರೆ ಹೃದಯದಿಂದ ಬರುವ ದೊಡ್ಡ ರಕ್ತನಾಳ, ಉಬ್ಬುವ ಕಾಯಿಲೆಯ ಪಾಠ ಕಲಿತದ್ದು ಕ್ಯಾಶುವಲ್ಟಿಯಲ್ಲಿ ರಾತ್ರಿ ಡ್ಯೂಟಿ ಮಾಡುತ್ತಿದ್ದ ಕಾಲದಲ್ಲಿ. ಎಪ್ಪತ್ತರ ಆಸುಪಾಸಿನವರೊಬ್ಬರು ಬಂದರು. ಎಡಪಕ್ಕೆಯಿಂದ ಬೆನ್ನಿನವರೆಗೆ ನೋವು. ಕಿಡ್ನಿ ಕಲ್ಲು ಅಂದುಕೊಂಡು ಇಂಜೆಕ್ಷನ್ ಕೊಟ್ಟೆ. ಬಿಪಿ ಇಳಿಯಿತು. ಇಂಜೆಕ್ಷನ್ನಿಂದ ಇರಬೇಕು ಅಂದುಕೊಂಡೆ. ಹಿರಿಯ ಡಾಕ್ಟರು ಬಂದವರೇ ಹೊಟ್ಟೆಯ ಮೇಲೆ ಕೈಯಿಟ್ಟರು. ನಾನು ಇಟ್ಟಿರಲಿಲ್ಲ. ಉಬ್ಬಿದ ಮಹಾಪಧಮನಿ ಒಡೆದಿತ್ತು. ಆಪರೇಷನ್ ಟೇಬಲ್ ತಲುಪುವ ಮೊದಲೇ ರೋಗಿ ಹೋಗಿಬಿಟ್ಟರು.

ಈಗ ಅರವತ್ತು ದಾಟಿದವರು, ಅದರಲ್ಲೂ ಸಿಗರೇಟು ಸೇದಿದವರು, ಮೊದಲ ಸಲ ಕಲ್ಲಿನ ನೋವು ಅಂತ ಬಂದರೆ ಅಲ್ಟ್ರಾಸೌಂಡ್ ಪ್ರೋಬನ್ನು ಮೊದಲು ಹೊಕ್ಕುಳಿನ ಮೇಲ್ಗಡೆ ಇಡುತ್ತೇನೆ. ಅಲ್ಲಿ ಮಹಾಪಧಮನಿ ಸುಮಾರು 2 ಸೆಂ.ಮೀ. ಅಗಲ ಇರಬೇಕು. 3 ಮುಟ್ಟಿದರೆ ಅನ್ಯೂರಿಸಂ, ಅಂದರೆ ನಾಳದ ಉಬ್ಬು. ಆದರೆ ಅಲ್ಟ್ರಾಸೌಂಡ್ ಉಬ್ಬನ್ನು ತೋರಿಸುತ್ತದೆ, ಒಡೆದಿರುವುದನ್ನು ಎಷ್ಟೋ ಸಲ ತೋರಿಸುವುದಿಲ್ಲ. ಅದಕ್ಕೆ ಸಿಟಿ ಬೇಕು.

ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಒಬ್ಬರು 5.9 ಸೆಂ.ಮೀ. ಅಂತ ರಿಪೋರ್ಟ್ ಹಿಡಿದು ಗಾಬರಿಯಾಗಿ ಬಂದಿದ್ದರು. ನಾಳ ಸೊಟ್ಟಗಿತ್ತು, ಓರೆಯಾಗಿ ಅಳೆದಿದ್ದರು. ನಾಳಕ್ಕೆ ನೇರ ಅಡ್ಡವಾಗಿ ಹಿಡಿದು ಅಳೆದಾಗ ಸಿಕ್ಕಿದ್ದು 5.1. ಉಲ್ಟಾ ತಪ್ಪೂ ಆಗುತ್ತದೆ. ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಬಿಟ್ಟು ಬರೀ ಹರಿಯುವ ದಾರಿಯನ್ನು ಅಳೆದರೆ ದೊಡ್ಡ ಉಬ್ಬೂ ಸಣ್ಣದಾಗಿ ಕಾಣುತ್ತದೆ.

5.1ಕ್ಕೆ ಈಗಲೇ ಆಪರೇಷನ್ ಬೇಡ ಅಂದಾಗ, "ಬಾಂಬ್ ಇಟ್ಟುಕೊಂಡು ಓಡಾಡಲಾ ಡಾಕ್ಟ್ರೇ?" ಅಂದರು ಅವರು. ಪ್ರಶ್ನೆ ಸರಿಯೇ, ಅಲ್ವಾ? ಆದರೆ ನೋವಿಲ್ಲದ, ಬೇಗ ಬೆಳೆಯದ ಉಬ್ಬು ಗಂಡಸರಲ್ಲಿ 5.5ಕ್ಕಿಂತ ಕಡಿಮೆ ಇರುವಾಗಲೇ ಆಪರೇಷನ್ ಮಾಡಿದರೆ ಆಯಸ್ಸು ಹೆಚ್ಚುವುದಿಲ್ಲ. ಹೆಂಗಸರಲ್ಲಿ 5ಕ್ಕೇ ಯೋಚಿಸುತ್ತೇವೆ, ಅವರಲ್ಲಿ ಇನ್ನೂ ಸಣ್ಣದಿರುವಾಗಲೇ ಒಡೆಯುತ್ತದೆ. ಆ ರೋಗಿ ಸಿಗರೇಟು ಬಿಟ್ಟರು. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದೆ. ಎರಡು ವರ್ಷ ಕಾದೆವು.

5.6 ಆದಾಗ ಸ್ಟೆಂಟ್ ಗ್ರಾಫ್ಟ್ ಹಾಕಿದೆ, ಅಂದರೆ ರಕ್ತ ಉಬ್ಬಿಗೆ ತಾಗದೆ ಹರಿಯುವಂತೆ ನಾಳದೊಳಗೆ ಕೂರಿಸುವ ಕೊಳವೆ. ಕಿಡ್ನಿಯ ನಾಳಗಳ ಕೆಳಗೆ ಚೆನ್ನಾಗಿ ಹಿಡಿತ ಸಿಗುವಷ್ಟು ಜಾಗವಿತ್ತು. ಇಲ್ಲದಿದ್ದರೆ ಹೊಟ್ಟೆ ತೆರೆಯುತ್ತಿದ್ದೆ. ಎರಡೂ ತೊಡೆಸಂದಿನ ಮೂಲಕ ಕೆಲಸ ಮುಗಿಯಿತು, ಮೂರನೇ ದಿನ ಮನೆಗೆ ಹೋದರು.

ಒಂದು ತಿಂಗಳ ಸಿಟಿಯಲ್ಲಿ ಸಣ್ಣ ಸೋರಿಕೆ ಕಂಡಿತು. ಬೆನ್ನಿನ ಕಡೆಯ ಒಂದು ನಾಳದಿಂದ ಉಬ್ಬಿನ ಚೀಲದೊಳಕ್ಕೆ ರಕ್ತ ವಾಪಸ್ ಬರುತ್ತಿದೆ. ಚೀಲ ಬೆಳೆದಿಲ್ಲ. ಹಾಗಾಗಿ ಮುಟ್ಟಿಲ್ಲ, ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಬರೆದುಕೊಟ್ಟಿದ್ದೇನೆ.