ಬಾಡಿಗೆ ಮನೆಯೊಳಗೆ ಒಂದು ಪ್ರೇಮಚಿತ್ರ: ನನ್ನ ಅನುಭವ

ಇಬ್ಬರು ಗಂಡಸರು ಒಟ್ಟಿಗೆ ಸಂಸಾರ ಹೂಡಿ ಬಾಳುವುದನ್ನು ಕುರಿತು ನಾನು ಕನ್ನಡದಲ್ಲಿ ಅರ್ಧ ಗಂಟೆಯ ಚಿತ್ರವೊಂದನ್ನು ನಿರ್ದೇಶಿಸಿದೆ. ಅದಕ್ಕೆ ತಗುಲಿದ ವೆಚ್ಚ ಸುಮಾರು 2 ಲಕ್ಷ ರೂಪಾಯಿ. ಬೆಂಗಳೂರು, ಮೈಸೂರು, ಶಿವಮೊಗ್ಗ, ಧಾರವಾಡಗಳ ಚಿಕ್ಕ ಸಭಾಂಗಣಗಳಲ್ಲಿ, ರಂಗತಂಡಗಳ ತಾಲೀಮು ಕೋಣೆಗಳಲ್ಲಿ, ಕೆಲವು ಕಡೆ ಪರಿಚಿತರ ಮನೆಯ ಪಡಸಾಲೆಯಲ್ಲಿಯೂ ಅದನ್ನು ತೋರಿಸಿ, ನೋಡಿದವರ ಜೊತೆ ಕುಳಿತು ಮಾತನಾಡಿದ್ದೇನೆ. ಇಂಥ ಚಿತ್ರ ಮಾಡಬೇಕೆಂದು ಹೊರಟವರು ನನ್ನನ್ನು ಮೊದಲು ಕೇಳುವುದು ಹಣ ಎಲ್ಲಿಂದ ತಂದಿರಿ ಎಂದು. ಇರುವ ಅಲ್ಪ ಹಣವನ್ನು ಯಾವುದರ ಮೇಲೆ ಹಾಕಬೇಕು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ತೆರೆಯ ಮೇಲಿನ ಆ ಇಬ್ಬರನ್ನು ಪ್ರೇಕ್ಷಕರು ನಂಬುವುದೂ ನಂಬದಿರುವುದೂ ಬಹುಮಟ್ಟಿಗೆ ಆ ಆಯ್ಕೆಯ ಮೇಲೆಯೇ ನಿಂತಿರುತ್ತದೆ.

ನನಗೆ ಧೈರ್ಯ ಕೊಟ್ಟದ್ದು ಆಂಡ್ರ್ಯೂ ಹೇ ನಿರ್ದೇಶಿಸಿದ ಬ್ರಿಟಿಷ್ ಚಿತ್ರ ‘ವೀಕೆಂಡ್’ (2011). ನಾಟಿಂಗ್‌ಹ್ಯಾಮ್ ನಗರದ ಒಂದು ಬಹುಮಹಡಿ ಕಟ್ಟಡದ ಫ್ಲ್ಯಾಟಿನಲ್ಲಿ ಇಬ್ಬರು ಯುವಕರು ಶುಕ್ರವಾರದಿಂದ ಭಾನುವಾರದವರೆಗೆ ಕಳೆಯುವ ಸಮಯವೇ ಅದರ ಕಥೆ. ಸುಮಾರು 1,20,000 ಪೌಂಡುಗಳಲ್ಲಿ ತಯಾರಾದ ಅದನ್ನು ಕಥೆಯ ಕ್ರಮದಲ್ಲಿಯೇ ಚಿತ್ರೀಕರಿಸಿದ್ದರಿಂದ, ಪಾತ್ರಗಳ ನಡುವಿನ ಸಲುಗೆ ಬೆಳೆದ ಹಾಗೆಯೇ ನಟರ ನಡುವಿನ ಸಲುಗೆಯೂ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ದೊಡ್ಡ ಬಂಡವಾಳದ ಚಿತ್ರಗಳಲ್ಲಿ ಸ್ಥಳ, ಕಲಾವಿದರ ದಿನಾಂಕ, ಸೆಟ್ಟುಗಳ ಲೆಕ್ಕಕ್ಕೆ ತಕ್ಕಂತೆ ದೃಶ್ಯಗಳನ್ನು ಹಿಂದುಮುಂದಾಗಿ ತೆಗೆಯಬೇಕಾಗುತ್ತದೆ. ಒಂದೇ ಮನೆ, ಇಬ್ಬರೇ ನಟರು ಎಂದಾದಾಗ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ತೆಗೆಯುವ ಅನುಕೂಲ ಬಡ ಚಿತ್ರಕ್ಕೂ ದಕ್ಕುತ್ತದೆ. ನಾನೂ ಹಾಗೆಯೇ ಮಾಡಿದೆ.

ನನ್ನ ಕಥೆಯ ಇಬ್ಬರಲ್ಲಿ ಒಬ್ಬ ಪಿಯು ಕಾಲೇಜಿನ ಉಪನ್ಯಾಸಕ; ಇನ್ನೊಬ್ಬ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುವವನು. ಬಾಡಿಗೆ ಕರಾರು ಉಪನ್ಯಾಸಕನ ಹೆಸರಿನಲ್ಲಿ, ಗ್ಯಾಸ್ ಸಂಪರ್ಕ ಇನ್ನೊಬ್ಬನ ಹೆಸರಿನಲ್ಲಿ ಇದೆ; ಮನೆಯ ಮಾಲೀಕರಿಗೆ ಇಬ್ಬರೂ ದೂರದ ನೆಂಟರೆಂದು ಹೇಳಿದ್ದಾರೆ. ಉಪನ್ಯಾಸಕನ ತಾಯಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಹೊಸದುರ್ಗದಿಂದ ಬರುತ್ತಾರೆ. ಅವರು ಬರುವ ಹಿಂದಿನ ರಾತ್ರಿ ಇಬ್ಬರೂ ಅಟ್ಟದ ಮೇಲಿನ ಹಳೆಯ ಹಾಸಿಗೆಯನ್ನು ಇಳಿಸಿ, ಕೊಡವಿ, ನಡುಮನೆಯಲ್ಲಿ ಹಾಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೆ ಕಣ್ಣಿಗೆ ಹೊತ್ತುಹೊತ್ತಿಗೆ ಹನಿ ಹಾಕಬೇಕು; ಮಗ ಕಾಲೇಜಿಗೆ ಹೋದಾಗ ಆ ಕೆಲಸ ಮನೆಯಲ್ಲಿರುವವನ ಪಾಲಿಗೆ ಬರುತ್ತದೆ. ಚಿತ್ರದಲ್ಲಿ ಯಾರೂ ಯಾರಿಗೂ ಏನನ್ನೂ ಒಪ್ಪಿಸಿ ಹೇಳುವುದಿಲ್ಲ, ಯಾರೂ ಸಾಯುವುದಿಲ್ಲ, ಯಾರೂ ಮನೆ ಬಿಟ್ಟು ಹೋಗುವುದಿಲ್ಲ. ಗುಟ್ಟು ಹೊರಬೀಳುವ ದೃಶ್ಯವೊಂದಿಲ್ಲದಿದ್ದರೆ ನೋಡುವವರಿಗೆ ಹಿಡಿತ ಸಿಗುವುದಿಲ್ಲ ಎಂದು ಚಿತ್ರಕಥೆ ಓದಿದ ಕೆಲವರು ಹೇಳಿದರು. ಜೊತೆಯಾಗಿ ಬಾಳುತ್ತಿರುವ ಬಹಳ ಮಂದಿ ಗಂಡಸರ ಮನೆಗಳಲ್ಲಿ ಅಂಥ ದೊಡ್ಡ ದೃಶ್ಯ ನಡೆಯುವುದೇ ಇಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವ ತಾಯಂದಿರೇ ಅಲ್ಲಿ ಹೆಚ್ಚು. ನಾನು ನೋಡಿ ಬಲ್ಲ ಬದುಕು ಅದಾದ್ದರಿಂದ ಅದನ್ನೇ ಬರೆದೆ.

ನಟರಿಬ್ಬರೂ ರಂಗಭೂಮಿಯವರು. ಒಪ್ಪಿದ್ದ ಮೊದಲ ನಟರೊಬ್ಬರು ಮನೆಯವರ ಒತ್ತಡಕ್ಕೆ ಹಿಂದೆ ಸರಿದರು. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಬೇರೆಯವರು ಬಂದ ಮೇಲೆ, ಮೈಗೆ ಮೈ ತಾಗುವ ಪ್ರತಿಯೊಂದು ದೃಶ್ಯವನ್ನೂ ಕಾಗದದ ಮೇಲೆ ಬರೆದು, ಎಲ್ಲಿಯವರೆಗೆ ಸಮ್ಮತ, ಎಲ್ಲಿ ಬೇಡ ಎಂಬುದನ್ನು ಇಬ್ಬರಿಂದಲೂ ಮೊದಲೇ ಕೇಳಿಕೊಂಡೆ. ಆ ದೃಶ್ಯಗಳ ಸಮಯದಲ್ಲಿ ಕೋಣೆಯೊಳಗೆ ಛಾಯಾಗ್ರಾಹಕ, ಶಬ್ದಗ್ರಾಹಕ ಮತ್ತು ನಾನು ಮಾತ್ರ ಇದ್ದೆವು. ಸಂಭಾವನೆ ಸಣ್ಣದಾದರೂ ಅಡುಗೆಯವರೂ ಸೇರಿ ಪ್ರತಿಯೊಬ್ಬರಿಗೂ ಕೊಟ್ಟೆವು. ಸಮುದಾಯದ ಕೆಲಸ ಎಂಬ ಹೆಸರಿನಲ್ಲಿ ಜನರನ್ನು ಬಿಟ್ಟಿ ದುಡಿಸಿಕೊಳ್ಳುವುದು ಇಂಥ ಚಿತ್ರಗಳಲ್ಲಿ ರೂಢಿಯಾಗಿಬಿಟ್ಟಿದೆ, ಅದು ನಿಲ್ಲಲೇಬೇಕು.

ಹಣದ ದೊಡ್ಡ ಪಾಲನ್ನು ನಾನು ಧ್ವನಿಗೆ ಹಾಕಿದೆ. ಕ್ಯಾಮೆರಾ ಸ್ನೇಹಿತರದ್ದು, ದೀಪಗಳು ದಿನಬಾಡಿಗೆಯವು, ಸಂಕಲನ ಮತ್ತು ವರ್ಣಹೊಂದಾಣಿಕೆ ನಡೆದದ್ದು ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ. ಶಬ್ದಗ್ರಾಹಕರಿಗೆ ಮಾತ್ರ ಅವರು ಕೇಳಿದಷ್ಟೇ ಕೊಟ್ಟು, ಕೋಲಿನ ತುದಿಗೆ ಕಟ್ಟಿ ಹಿಡಿಯುವ ಬೂಮ್ ಮೈಕಿನ ಜೊತೆಗೆ ಅಂಗಿಯೊಳಗೆ ಅಡಗಿಸುವ ಮೈಕುಗಳನ್ನೂ ತರಿಸಿದೆ. ಪ್ರೀತಿಸುವ ಇಬ್ಬರು ಮನೆಯೊಳಗೆ ಗಟ್ಟಿಯಾಗಿ ಮಾತನಾಡುವುದಿಲ್ಲ. ಅವರ ಅರ್ಧ ಮಾತು ಗೊಣಗಾಟದಲ್ಲಿ, ಅಡುಗೆಮನೆಯಿಂದ ಬಚ್ಚಲಿಗೆ ಕೇಳುವ ಪ್ರಶ್ನೆಯಲ್ಲಿ, ನಿದ್ದೆಗಣ್ಣಿನ ಹೂಂಗುಟ್ಟುವಿಕೆಯಲ್ಲಿ ಇರುತ್ತದೆ. ಅದನ್ನು ಸ್ಟುಡಿಯೋದಲ್ಲಿ ಕುಳಿತು ಡಬ್ ಮಾಡಿದರೆ ಆಪ್ತತೆಯೆಲ್ಲ ಸೋರಿಹೋಗುತ್ತದೆ. ಚಿತ್ರೀಕರಣ ನಡೆದ ಹನುಮಂತನಗರದ ಮನೆಯ ಸುತ್ತ ನೀರಿನ ಟ್ಯಾಂಕರು, ಆಟೋ, ಕುಕ್ಕರಿನ ಸೀಟಿ, ಮೇಲಿನ ಮನೆಯ ಮಿಕ್ಸಿ ಇದ್ದೇ ಇದ್ದವು. ಪಕ್ಕದ ಮನೆಗಳಿಗೆ ಹೋಗಿ ಅವರ ಅಡುಗೆಯ ಹೊತ್ತನ್ನು ಕೇಳಿಕೊಂಡು, ಪಿಸುಮಾತಿನ ದೃಶ್ಯಗಳನ್ನು ಮಧ್ಯಾಹ್ನ ಎರಡರ ನಂತರಕ್ಕೆ ಇಟ್ಟುಕೊಂಡೆವು. ಫ್ರಿಜ್ಜಿನ ಗುಂಯ್ ಸದ್ದು ಮೈಕಿಗೆ ಬೀಳುವುದರಿಂದ ಅದನ್ನು ಆರಿಸಬೇಕಾಗುತ್ತಿತ್ತು. ಮತ್ತೆ ಹಚ್ಚಲು ಮರೆಯದಿರಲೆಂದು ಶಬ್ದಗ್ರಾಹಕರು ತಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡುತ್ತಿದ್ದರು. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರೂ ಅಲುಗಾಡದೆ ನಿಂತು ಆ ಕೋಣೆಯ ಬರಿಯ ಮೌನವನ್ನೂ ಒಂದು ನಿಮಿಷ ಧ್ವನಿಮುದ್ರಿಸಿಕೊಂಡೆವು. ಸಂಕಲನದಲ್ಲಿ ಎರಡು ಮಾತುಗಳ ನಡುವಿನ ಬಿರುಕನ್ನು ತುಂಬಲು ಅದು ಬೇಕೇ ಬೇಕು. ಚಿತ್ರ ನೋಡಿದವರು ಬೆಳಕಿನ ಕೊರತೆಯನ್ನೂ ಅಲುಗಾಡಿದ ಕ್ಯಾಮೆರಾವನ್ನೂ ಮನ್ನಿಸಿದ್ದಾರೆ. ಮಾತು ಕೇಳಿಸದಿದ್ದರೆ ಯಾರೂ ಮನ್ನಿಸುತ್ತಿರಲಿಲ್ಲ.

ತೋರಿಸುವ ವಿಚಾರಕ್ಕೆ ಬಂದರೆ, ಚಿತ್ರಮಂದಿರದ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು. ಚಿತ್ರೋತ್ಸವಗಳು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯುತ್ತವೆ. ಲೈಂಗಿಕ ಅಲ್ಪಸಂಖ್ಯಾತರ, ಅಂದರೆ ಕ್ವಿಯರ್ ಜನರ ಚಿತ್ರಗಳಿಗೆ ಮೀಸಲಾದ ಮುಂಬೈಯ ಕಶಿಶ್ ಚಿತ್ರೋತ್ಸವ 2010ರಿಂದ ನಡೆಯುತ್ತಿದೆ. ನಮ್ಮಲ್ಲಿ ಬೆಂಗಳೂರು ಕ್ವಿಯರ್ ಚಿತ್ರೋತ್ಸವವನ್ನು ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ. ಚಿತ್ರೋತ್ಸವಗಳ ಪ್ರೇಕ್ಷಕರು ಹೆಚ್ಚಾಗಿ ಇಂಗ್ಲಿಷ್ ಬಲ್ಲವರು, ಈ ವಿಷಯಕ್ಕೆ ಮೊದಲೇ ಮನಸ್ಸು ತೆರೆದವರು. ಕನ್ನಡದಲ್ಲಿ ಮಾಡಿದ ಚಿತ್ರ ಅವರಾಚೆಗೂ ತಲುಪಬೇಕೆಂದು ಟಿಕೆಟ್ ಇಲ್ಲದೆ, ಆಹ್ವಾನಿತರಿಗಷ್ಟೇ ತೋರಿಸುವ ದಾರಿ ಹಿಡಿದೆ. ಒಂದೂರಿನ ಸಭಾಂಗಣದವರು ಕಥೆ ಕೇಳಿದ ಮೇಲೆ ಕೊಟ್ಟಿದ್ದ ದಿನಾಂಕವನ್ನು ರದ್ದು ಮಾಡಿದರು. 1998ರ ಡಿಸೆಂಬರಿನಲ್ಲಿ, ಇಬ್ಬರು ಹೆಂಗಸರ ಪ್ರೀತಿಯನ್ನು ತೋರಿಸಿದ ‘ಫೈರ್’ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಅನುಮತಿ ಇದ್ದಾಗಲೂ ಮುಂಬೈ, ದೆಹಲಿಗಳ ಚಿತ್ರಮಂದಿರಗಳ ಮೇಲೆ ದಾಳಿ ನಡೆದಿತ್ತು. ಆ ಭಯ ಜಾಗದ ಮಾಲೀಕರ ಮನಸ್ಸಿನಲ್ಲಿ ಇನ್ನೂ ಇದೆ.

ಕನ್ನಡದ ಸಾಮಾನ್ಯ ಪ್ರೇಕ್ಷಕರು ಈ ವಿಷಯಕ್ಕೆ ಬರುವುದು ‘ನಾನು ಅವನಲ್ಲ ಅವಳು’ ಚಿತ್ರದ ನೆನಪಿನೊಂದಿಗೆ. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಚಿತ್ರ ಲಿಂಗತ್ವ ಅಲ್ಪಸಂಖ್ಯಾತೆಯೊಬ್ಬಳ ಬದುಕಿನದು. ಹಾಗಾಗಿ ‘ಇವರಿಬ್ಬರಲ್ಲಿ ಹೆಂಗಸಿನ ಮನಸ್ಸು ಯಾರದ್ದು’ ಎಂಬ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ಕೇಳುವವರಲ್ಲಿ ಕೆಟ್ಟತನವಿರುವುದಿಲ್ಲ. ಇಬ್ಬರೂ ಗಂಡಸರೇ, ಗಂಡಸರಾಗಿಯೇ ಒಬ್ಬರನ್ನೊಬ್ಬರು ಬಯಸುತ್ತಾರೆ ಎಂದು ನಾನು ನೇರವಾಗಿ ಹೇಳುತ್ತೇನೆ.

ನಡುವಯಸ್ಸು ದಾಟಿದ ಹೆಂಗಸರ ಪ್ರತಿಕ್ರಿಯೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಅವರು ಮೊದಲು ಮಾತನಾಡುವುದು ಕಣ್ಣಿನ ಹನಿಯ ಬಗ್ಗೆ. ಹೊತ್ತು ತಪ್ಪಿಸದೆ ಹನಿ ಹಾಕುವವರು ಈ ಕಾಲದಲ್ಲಿ ಯಾರಿದ್ದಾರೆ ಎನ್ನುತ್ತಾರೆ, ತಮ್ಮ ಸೊಸೆ, ಮಗ, ಮಗಳ ಕಥೆಗಳಿಗೆ ಹೋಗುತ್ತಾರೆ. ಶಿವಮೊಗ್ಗದಲ್ಲಿ ಒಬ್ಬರು, ‘ಆ ತಾಯಿಗೆ ಮೊದಲ ದಿನವೇ ಗೊತ್ತಾಗಿದೆ, ಎರಡನೇ ಹಾಸಿಗೆಯಲ್ಲಿ ಮಲಗಿದ ಗುರುತೇ ಇರಲಿಲ್ಲ’ ಎಂದರು. ವಿಮರ್ಶೆ ಬರೆಯುವ ಗೆಳೆಯರೂ ಗಮನಿಸದಿದ್ದ ವಿವರ ಅದು. ಗಂಡಸರು, ಅದರಲ್ಲಿಯೂ ಕಾಲೇಜು ಹುಡುಗರು, ಮುತ್ತಿನ ದೃಶ್ಯದಲ್ಲಿ ನಗುತ್ತಾರೆ, ದೀಪ ಹತ್ತಿದ ಮೇಲೆ ಮೌನವಾಗುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಹೊರಗೆ ಬಂದು ಕೇಳುತ್ತಾರೆ. ಆ ನಗುವನ್ನು ತಡೆಯಲು ನಾನು ಹೋಗುವುದಿಲ್ಲ. ಅದರಲ್ಲಿ ತಿರಸ್ಕಾರಕ್ಕಿಂತ ಹೆಚ್ಚಾಗಿ ಪಕ್ಕದವನು ತನ್ನನ್ನು ಹೇಗೆ ನೋಡಿಯಾನು ಎಂಬ ಆತಂಕವಿರುತ್ತದೆ.

ಅತ್ಯಂತ ಕಠಿಣವಾದ ಟೀಕೆ ಬಂದದ್ದು ಗೇ ಪ್ರೇಕ್ಷಕರಿಂದಲೇ. ಬೆಂಗಳೂರಿನ ಪ್ರದರ್ಶನದ ನಂತರ ಯುವಕರೊಬ್ಬರು, ಸಂಗಾತಿಯ ತಾಯಿಗೆ ಸೇವೆ ಮಾಡಿದರೆ ಮಾತ್ರ ನಮಗೆ ಮನೆಯಲ್ಲಿ ಜಾಗವೇ ಎಂದು ಕೇಳಿದರು. ಒಳ್ಳೆಯ ಸೊಸೆಯ ಪಾತ್ರವನ್ನೇ ನಮ್ಮ ಹೆಗಲಿಗೆ ದಾಟಿಸಿದ್ದೀರಿ ಎಂಬುದು ಅವರ ಆಕ್ಷೇಪ. ಇದು ಗಟ್ಟಿಯಾದ ಮಾತು. ಆದರೂ ನಾನು ಆ ದೃಶ್ಯಗಳನ್ನು ಉಳಿಸಿಕೊಂಡಿದ್ದೇನೆ. ಹನಿ ಹಾಕುವವನು ಚಿತ್ರದಲ್ಲಿ ಸಂತನಲ್ಲ: ಅವನಿಗೆ ಸಿಟ್ಟು ಬರುತ್ತದೆ, ಒಂದು ಮಧ್ಯಾಹ್ನ ಬೇಕೆಂದೇ ಹೊತ್ತು ಮೀರಿಸುತ್ತಾನೆ, ರಾತ್ರಿ ಅದಕ್ಕೇ ಜಗಳವಾಗುತ್ತದೆ. ಆ ಜಗಳವನ್ನು ತಮ್ಮ ಮನೆಯದೇ ಎಂದು ಗುರುತಿಸಿದ ಜೋಡಿಗಳು ಹಲವರು. ಅವರಿಗೆ ಬೇಕಾಗಿದ್ದದ್ದು ತಮ್ಮಂಥವರ ದುರಂತವೂ ಅಲ್ಲ, ವಿಜಯವೂ ಅಲ್ಲ. ತಿಂಗಳ ಕೊನೆಯ ದಿನಸಿ ಲೆಕ್ಕದ ನಡುವೆ ಇರುವ ತಮ್ಮ ಪ್ರೀತಿ.

ಕಾನೂನಿನ ಪ್ರಶ್ನೆಗಳೂ ಬರುತ್ತವೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟದ್ದು ಹಲವರಿಗೆ ಗೊತ್ತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿದ್ದು ಕೆಲವರಿಗಷ್ಟೇ ಗೊತ್ತು. ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದೂ, ಪಡಿತರ ಚೀಟಿಯ ಮಟ್ಟಿಗೆ ಇಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ 2024ರಲ್ಲಿ ಕೇಂದ್ರ ಸರ್ಕಾರ ತಿಳಿಸಿದ್ದನ್ನು ನಾನು ಹೇಳಿದಾಗ, ಧಾರವಾಡದ ಸಭೆಯಲ್ಲಿ ಇಬ್ಬರು ಅದನ್ನು ಬರೆದುಕೊಂಡರು.

ಈಗ ಪ್ರದರ್ಶನ ಮುಗಿದ ಕೂಡಲೇ ಚರ್ಚೆ ಆರಂಭಿಸುವುದಿಲ್ಲ. ಎಲ್ಲರಿಗೂ ಚೀಟಿ ಕೊಟ್ಟು, ಹೆಸರಿಲ್ಲದೆ ಪ್ರಶ್ನೆ ಬರೆಯಲು ಬಿಟ್ಟು, ಚಹಾ ಆದ ಮೇಲೆ ಅವನ್ನು ಓದುತ್ತೇನೆ. ಎದ್ದುನಿಂತು ಕೇಳಲಾಗದವರ ಮಾತು, ಅದರಲ್ಲಿಯೂ ಮದುವೆಯಾಗಿರುವ ಗಂಡಸರ ಮಾತು, ಈ ಚೀಟಿಗಳಲ್ಲಿಯೇ ಬರುತ್ತದೆ. ಚಿತ್ರವನ್ನು ಮನೆಯವರಿಗೆ ತೋರಿಸಬೇಕೆನ್ನುವವರಿಗೆ ಗುಪ್ತಪದವಿರುವ ಕೊಂಡಿಯನ್ನು ವಾರದ ಮಟ್ಟಿಗೆ ಕಳುಹಿಸುತ್ತೇನೆ. ನಟರ ಒಪ್ಪಿಗೆಯೂ ಅಷ್ಟಕ್ಕೇ ಇದೆ. 2025ರ ಜನವರಿಯಲ್ಲಿ ಇಬ್ಬರು ಗಂಡಸರ ಪ್ರೀತಿಯ ಮರಾಠಿ ಚಿತ್ರ ‘ಸಾಬರ್ ಬೋಂಡ’ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದ ವಿಶ್ವ ಕಥಾಚಿತ್ರ ವಿಭಾಗದಲ್ಲಿ ತೀರ್ಪುಗಾರರ ಮುಖ್ಯ ಪ್ರಶಸ್ತಿ ಪಡೆದ ಮೇಲೆ, ಕನ್ನಡದಲ್ಲಿಯೂ ಪೂರ್ಣಪ್ರಮಾಣದ ಚಿತ್ರ ಮಾಡಿ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅದರ ಚಿತ್ರಕಥೆಯನ್ನು ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಗೊತ್ತುಮಾಡಿಕೊಂಡದ್ದು ಅದೇ ಶಬ್ದಗ್ರಾಹಕರನ್ನು.